ದತ್ತಸಂಚಯ ನಿರ್ವಾಹಕ

ದತ್ತಸಂಚಯ ನಿರ್ವಾಹಕ ಅಥವಾ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ (ಸಂಕ್ಷಿಪ್ತವಾಗಿ ಡಿಬಿಎ) ಎಂದರೆ ಸಂಸ್ಥೆಯೊಂದರ ದತ್ತಸಂಚಯಗಳನ್ನು ಸ್ಥಾಪಿಸಿ, ಸಂರಕ್ಷಿಸಿ, ಅಧಿಕೃತ ಬಳಕೆದಾರರಿಗೆ ಸದಾ ಲಭ್ಯವಾಗುವಂತೆ ನೋಡಿಕೊಳ್ಳುವ ತಂತ್ರಜ್ಞ. ಬ್ಯಾಂಕ್, ಆಸ್ಪತ್ರೆ, ರೈಲ್ವೆ ಮೊದಲಾದ ಸಂಸ್ಥೆಗಳ ನಿತ್ಯದ ವ್ಯವಹಾರ ದತ್ತಸಂಚಯಗಳನ್ನು ಅವಲಂಬಿಸಿರುವುದರಿಂದ, ದತ್ತಾಂಶ ನಷ್ಟವಾಗದಂತೆ ಕಾಯುವುದು ಈ ಹುದ್ದೆಯ ಪ್ರಧಾನ ಹೊಣೆಯಾಗಿದೆ.

ಹಿನ್ನೆಲೆ

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಎಫ್. ಕಾಡ್ ಅವರು ದತ್ತಾಂಶವನ್ನು ಕೋಷ್ಟಕಗಳ ರೂಪದಲ್ಲಿ ನಿರೂಪಿಸುವ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದರು. ಒರಾಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಮುಂತಾದ ತಂತ್ರಾಂಶಗಳು ಈ ಮಾದರಿಯನ್ನು ಆಧರಿಸಿವೆ. ಇವುಗಳೊಂದಿಗೆ ವ್ಯವಹರಿಸಲು ಎಸ್‌ಕ್ಯೂಎಲ್ ಭಾಷೆಯನ್ನು ಬಳಸಲಾಗುತ್ತದೆ.

ಕಾರ್ಯಗಳು ಮತ್ತು ಕೌಶಲಗಳು

* ತಂತ್ರಾಂಶದ ಸ್ಥಾಪನೆ ಮತ್ತು ಹೊಸ ಆವೃತ್ತಿಗೆ ಉನ್ನತೀಕರಣ.
* ಬಳಕೆದಾರರಿಗೆ ಅವರ ಕೆಲಸಕ್ಕೆ ಬೇಕಾದಷ್ಟೇ ಅನುಮತಿಗಳನ್ನು ನೀಡುವುದು.
* ನಿಧಾನವಾದ ಪ್ರಶ್ನೆಗಳನ್ನು ಗುರುತಿಸಿ ವೇಗ ಹೆಚ್ಚಿಸುವುದು. ಪುಸ್ತಕದ ಕೊನೆಯ ಪದಸೂಚಿಯಂತೆ ನೆರವಾಗುವ ಇಂಡೆಕ್ಸ್‌ಗಳನ್ನು ಇದಕ್ಕಾಗಿ ರಚಿಸಲಾಗುತ್ತದೆ. ಇಂಡೆಕ್ಸ್‌ಗಳು ಹೆಚ್ಚಾದಂತೆ ದತ್ತಾಂಶವನ್ನು ಬರೆಯುವ ವೇಗ ತಗ್ಗುವುದರಿಂದ ಸಮತೋಲನ ಅಗತ್ಯ.
* ಬ್ಯಾಕಪ್ ಮತ್ತು ಮರುಸ್ಥಾಪನೆ.

ಎಸ್‌ಕ್ಯೂಎಲ್ ಪರಿಣತಿಯ ಜೊತೆಗೆ ಲಿನಕ್ಸ್‌ನಂತಹ ಕಾರ್ಯಾಚರಣಾ ವ್ಯವಸ್ಥೆ, ಶೇಖರಣಾ ಸಾಧನಗಳು ಹಾಗೂ ಜಾಲಬಂಧದ ತಿಳಿವಳಿಕೆಯೂ ನಿರ್ವಾಹಕನಿಗೆ ಬೇಕಾಗುತ್ತದೆ.

ಬ್ಯಾಕಪ್ ಮತ್ತು ಮರುಸ್ಥಾಪನೆ

ಅವಘಡವಾದಾಗ ಎಷ್ಟು ಹೊತ್ತಿನ ದತ್ತಾಂಶ ನಷ್ಟವಾದರೆ ಸಹಿಸಬಹುದು, ಸೇವೆ ಎಷ್ಟು ಬೇಗ ಪುನರಾರಂಭವಾಗಬೇಕು ಎಂಬ ಎರಡು ಅಂಶಗಳ ಮೇಲೆ ಬ್ಯಾಕಪ್ ಯೋಜನೆ ನಿಂತಿರುತ್ತದೆ. ಪೂರ್ಣ ಬ್ಯಾಕಪ್‌ನೊಡನೆ ನಂತರದ ಬದಲಾವಣೆಗಳ ದಾಖಲೆಯನ್ನೂ ಕಾಯ್ದಿಟ್ಟರೆ, ದತ್ತಸಂಚಯವನ್ನು ಅವಘಡದ ಮುನ್ನಿನ ಕ್ಷಣದ ಸ್ಥಿತಿಗೆ ತರಲು ಸಾಧ್ಯ. ಏಕಕಾಲದಲ್ಲಿ ನವೀಕರಣಗೊಳ್ಳುವ ಪ್ರತಿರೂಪವು ಬ್ಯಾಕಪ್‌ಗೆ ಪರ್ಯಾಯವಲ್ಲ. ಮೂಲದಲ್ಲಿ ತಪ್ಪಾಗಿ ಅಳಿಸಿದ ಸಾಲು ಪ್ರತಿರೂಪದಲ್ಲಿಯೂ ಅಳಿಸಿಹೋಗುತ್ತದೆ.

ಗಿಟ್‌ಲ್ಯಾಬ್ ಘಟನೆ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞರೊಬ್ಬರು ಪ್ರತಿರೂಪದ ಸರ್ವರ್ ಎಂದು ಭಾವಿಸಿ ಮುಖ್ಯ ಸರ್ವರ್‌ನ ದತ್ತಾಂಶವನ್ನೇ ಅಳಿಸಿದರು. ಆಗ ನಿತ್ಯದ ಬ್ಯಾಕಪ್‌ಗಳೇ ಇಲ್ಲವೆಂಬುದು ಬೆಳಕಿಗೆ ಬಂದಿತು. ದತ್ತಸಂಚಯದ ಆವೃತ್ತಿ 9.6 ಆಗಿದ್ದರೆ, ಬ್ಯಾಕಪ್ ಉಪಕರಣವು 9.2ರದ್ದಾಗಿದ್ದು ವಿಫಲಗೊಳ್ಳುತ್ತಿತ್ತು, ಅದರ ಎಚ್ಚರಿಕೆಯ ಮಿಂಚಂಚೆಗಳೂ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಬೇರೊಂದು ಉದ್ದೇಶಕ್ಕಾಗಿ ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯಿಂದ ಸೇವೆಯನ್ನು ಮರಳಿ ಸ್ಥಾಪಿಸಲಾಯಿತು. ನಡುವಿನ ಅವಧಿಯ ದತ್ತಾಂಶ ಶಾಶ್ವತವಾಗಿ ನಷ್ಟವಾಯಿತು. ಸಂಸ್ಥೆಯು ಘಟನೆಯ ಪೂರ್ಣ ವರದಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿತು.

ಈ ಕಾರಣದಿಂದಲೇ ಬ್ಯಾಕಪ್ ತೆಗೆಯುವುದರ ಜೊತೆಗೆ, ಅದನ್ನು ಪ್ರತ್ಯೇಕ ಯಂತ್ರದಲ್ಲಿ ಕಾಲಕಾಲಕ್ಕೆ ಮರುಸ್ಥಾಪಿಸಿ ಪರೀಕ್ಷಿಸುವುದೂ ನಿರ್ವಾಹಕನ ಕರ್ತವ್ಯವೆಂದು ಪರಿಗಣಿಸಲಾಗಿದೆ.