ಹಳದಿ ಬೂತಿನಿಂದ ಇ-ಸಿಮ್‌ವರೆಗೆ: ಮೆಹದಿಪಟ್ಟಣಂ ನೋಡಿದ ಫೋನು

ಹೈದರಾಬಾದ್ ಸಂಸ್ಥಾನದ ಅಧಿಕಾರಿಯಾಗಿದ್ದ ಮೆಹದಿ ನವಾಜ್ ಜಂಗ್ ಅವರ ಹೆಸರು ಹೊತ್ತ ಮೆಹದಿಪಟ್ಟಣಂ ಹೈದರಾಬಾದಿನ ಗಿಜಿಗುಡುವ ಬಡಾವಣೆಗಳಲ್ಲೊಂದು. ಮೊಯಿನಾಬಾದ್, ಚೇವೆಳ್ಳ ಕಡೆಯ ಬಸ್ಸುಗಳು ಹೊರಡುವುದು ಇಲ್ಲಿಂದ. ಸುತ್ತಲ ಹಳ್ಳಿಗಳ ತರಕಾರಿ ಬಂದಿಳಿಯುವುದು ಇಲ್ಲಿನ ರೈತು ಬಜಾರಿಗೆ. ಹಳ್ಳಿಯೂ ಶಹರವೂ ಕೂಡುವ ಇಂಥ ಜಾಗಗಳಲ್ಲಿ ಫೋನು ಬದಲಾದಾಗಲೆಲ್ಲ ಬೀದಿಯ ಕಸುಬೂ ಬದಲಾಗಿದೆ.

ಮೊದಲು ಬಂದದ್ದು ದೂರದೂರಿಗೆ ಕರೆ ಮಾಡಿಸುವ ಹಳದಿ ಬೋರ್ಡಿನ ಎಸ್‌ಟಿಡಿ ಬೂತು. 1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಮತ್ತು ತಂತ್ರಜ್ಞ ಸ್ಯಾಮ್ ಪಿತ್ರೋಡಾ ಅವರ ದೂರಸಂಪರ್ಕ ಯೋಜನೆಗಳ ಬೆನ್ನಿಗೇ ದೇಶದ ಊರೂರಿನಲ್ಲಿ ಈ ಬೂತುಗಳು ತಲೆಯೆತ್ತಿದವು. ರಾತ್ರಿ ದರ ಇಳಿಯುವುದನ್ನೇ ಕಾದು ಜನ ಸಾಲುಗಟ್ಟುತ್ತಿದ್ದರು. ನಂಬರು ಒತ್ತಲು ಬಾರದವರಿಗೆ ಬೂತಿನವರೇ ಒತ್ತಿಕೊಡುತ್ತಿದ್ದರು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ದೂರಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗ ಒಳಬರುವ ಕರೆಗೂ ದುಡ್ಡು ತೆರಬೇಕಿತ್ತು. 2003ರಲ್ಲಿ ಅದು ಉಚಿತವಾಯಿತು; ಮೊಬೈಲು ಎಲ್ಲರ ಜೇಬು ಸೇರಿತು, ಬೂತುಗಳು ಬರಿದಾದವು. ಎಷ್ಟೋ ಬೂತಿನವರು ಸಿಮ್, ರೀಚಾರ್ಜ್ ಕೂಪನ್ ಮಾರಲು ನಿಂತರು.

2016 ಆ ಕಸುಬನ್ನೂ ಅಲುಗಾಡಿಸಿತು. ಏಪ್ರಿಲ್‌ನಲ್ಲಿ ಫೋನಿನಿಂದಲೇ ಹಣ ಕಳಿಸುವ ಯುಪಿಐ ಬಂತು, ಸೆಪ್ಟೆಂಬರ್‌ನಲ್ಲಿ ಅಗ್ಗದ ಇಂಟರ್‌ನೆಟ್ಟಿನ ಜಿಯೋ. ರೀಚಾರ್ಜೂ ಹಣ ಪಾವತಿಯೂ ಗಿರಾಕಿಯ ಕೈಗೇ ಬಂದವು. 2022ರ ಅಕ್ಟೋಬರ್‌ನಲ್ಲಿ ಏರ್‌ಟೆಲ್ 5ಜಿ ಆರಂಭಿಸಿದ ಮೊದಲ ಎಂಟು ನಗರಗಳಲ್ಲಿ ಹೈದರಾಬಾದೂ ಇತ್ತು.

ಮುಂದಿನದು ಫೋನಿನೊಳಗೇ ಅಡಕವಾಗಿರುವ ಇ-ಸಿಮ್. ಅಮೆರಿಕದಲ್ಲಿ 2022ರ ಐಫೋನ್ 14ಕ್ಕೆ ಸಿಮ್ ಹಾಕುವ ಜಾಗವೇ ಇರಲಿಲ್ಲ. ಸಿಮ್ ಕಾರ್ಡು ಹೋದರೆ ಅದನ್ನು ಮಾರುವ ಅಂಗಡಿಯ ಕೆಲಸವೂ ಕರಗುತ್ತದೆ. ಆ ಅಂಗಡಿ ಮಾರಾಟದ ಜಾಗವಷ್ಟೇ ಆಗಿರಲಿಲ್ಲ. ಓದು ಬಾರದವರು, ವಯಸ್ಸಾದವರು ಫೋನು ಕೊಟ್ಟು 'ಸ್ವಲ್ಪ ನೋಡಿ' ಎಂದು ಕೇಳಬಹುದಾದ ಜಾಗವಾಗಿತ್ತು.

ಎಲ್ಲವನ್ನೂ ಒಂದೇ ಸಾಧನಕ್ಕೆ ಕಟ್ಟಿಹಾಕುವುದರ ಅಪಾಯವೂ ಕಂಡಿದೆ. 2025ರ ಏಪ್ರಿಲ್ 12ರಂದು ಯುಪಿಐ ಕೈಕೊಟ್ಟಾಗ ದೇಶದ ಉದ್ದಗಲಕ್ಕೂ ಪಾವತಿಗಳು ತಡವರಿಸಿದವು. ಅಂಥ ಹೊತ್ತಿನಲ್ಲಿ ಚಿಲ್ಲರೆ ಇಟ್ಟುಕೊಳ್ಳದ ತರಕಾರಿಯವರಿಗೂ ಗಿರಾಕಿಗೂ ದಾರಿ ತೋಚುವುದಿಲ್ಲ.

ಯುಪಿಐಯೇ ನಿಂತರೆ ನಗದೇ ಗತಿ; ಆದರೆ ಸ್ಮಾರ್ಟ್‌ಫೋನು ಬಳಸಲಾಗದವರಿಗೆ ದಾರಿ ಇಲ್ಲವೆಂದಲ್ಲ. ಕೀಪ್ಯಾಡ್ ಫೋನಿನಿಂದಲೇ, ಇಂಟರ್‌ನೆಟ್ ಇಲ್ಲದೆ ಹಣ ಕಳಿಸುವ ಯುಪಿಐ 123ಪೇ 2022ರ ಮಾರ್ಚ್‌ನಲ್ಲೇ ಬಂದಿದೆ. 2030ರ ಹೊತ್ತಿಗೆ 6ಜಿ ತರುವ ಗುರಿಯನ್ನು ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದೆ. ಆ ಯೋಜನೆಯಲ್ಲಿ ಇಂಥ ಸರಳ ವ್ಯವಸ್ಥೆಗೂ, ಕೂತು ಹೇಳಿಕೊಡುವ ಮನುಷ್ಯನಿರುವ ಕೌಂಟರಿಗೂ ಈಗಲೇ ಹಣ ತೆಗೆದಿಡಬೇಕು.