ಗಾಳ, ಕಟ್ಟೆ, ಬಿತ್ತನೆ: ಕಣ್ಣಂಬಾಡಿ ಸೀಮೆಯಲ್ಲಿ ಹವ್ಯಾಸಿ ಮೀನುಗಾರಿಕೆ ಬೆಳೆದ ಬಗೆ

ಹಿಂಗಾರು ಕೈಹಿಡಿದ ವರ್ಷ ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಕೆರೆಗಳು ಒಂದೊಂದಾಗಿ ಕೋಡಿ ಬೀಳುತ್ತವೆ. ದಸರಾ ರಜೆಯ ಹುಡುಗರು ಎರೆಹುಳು ಅಗೆದುಕೊಂಡು, ಬಿದಿರು ಕಡ್ಡಿಗೆ ದಾರ ಕಟ್ಟಿ, ಬೆಂಡು ತೇಲಿಸಿ ಕೂರುತ್ತಾರೆ. ಚಿನಕುರಳಿ ಹೋಬಳಿಯ ಕಟ್ಟೆಗಳಿಂದ ಹಿಡಿದು ಕಣ್ಣಂಬಾಡಿಯ ಹಿನ್ನೀರಿನವರೆಗೆ ಇದು ಕಾಸಿಲ್ಲದ ಕಾಲಕ್ಷೇಪ. ಕನ್ನಡ ನಾಡಿನಲ್ಲಿ ಇದಕ್ಕೆ ಸುಮಾರು 900 ವರ್ಷಗಳ ಲಿಖಿತ ಚರಿತ್ರೆಯಿದೆ. ಆ ಚರಿತ್ರೆಯನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಇಲ್ಲಿನ ನೀರಿನಲ್ಲಿ ಯಾವ ಮೀನು ಇರಬೇಕೆಂಬುದನ್ನು ಗಾಳಕ್ಕಿಂತ ಹೆಚ್ಚಾಗಿ ಕಟ್ಟೆಯೂ ಬಿತ್ತನೆಯೂ ತೀರ್ಮಾನಿಸಿವೆ.

ಅರಸರ ವಿನೋದ

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನು, ಯಾವುದಕ್ಕೆ ಯಾವ ಮೇವು, ದಾರ, ಕೊಕ್ಕೆ, ಕಡ್ಡಿ ಹೇಗಿರಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಹೊಟ್ಟೆಪಾಡಿನ ಕಸುಬನ್ನು ಆಟವಾಗಿ ಕಂಡ ನಮ್ಮ ಹಳೆಯ ದಾಖಲೆಗಳಲ್ಲಿ ಇದು ಮುಖ್ಯವಾದದ್ದು.

ಆದರೆ ಈ ಸೀಮೆಯ ಕೆರೆಗಳು ಆಟಕ್ಕೆಂದು ಹುಟ್ಟಿದವಲ್ಲ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ತೊಣ್ಣೂರು ಕೆರೆ ಗದ್ದೆಗಳಿಗೆ ನೀರುಣಿಸಲೆಂದೇ ಇದ್ದದ್ದು. ಅದರ ತಿಳಿನೀರು ಕಂಡು 1746ರಲ್ಲಿ ದಖನ್ ಸುಬೇದಾರನ ಮಗ ನಾಸಿರ್ ಜಂಗ್ ‘ಮೋತಿ ತಲಾಬ್’ ಎಂದು ಕರೆದನಂತೆ. ಇಂಥ ಕೆರೆಗಳಲ್ಲಿ ಬೆಸ್ತರು ಬಲೆ ಬೀಸಿದರು, ಕೂಳಿ ಒಡ್ಡಿದರು. ಕೊರವ, ಬಾಳೆ, ಚೇಳುಮೀನು ಊರಿನ ಸಾರಿಗೆ ಬಿದ್ದವು. ಈ ಕಸುಬಿನ ಜ್ಞಾನ ಬಾಯಿಂದ ಬಾಯಿಗೆ ಹೋಯಿತೇ ಹೊರತು ಪುಸ್ತಕವಾಗಲಿಲ್ಲ.

ಸಾಹೇಬರ ಲೆಕ್ಕ

ಪುಸ್ತಕ ಬರೆದವರು ಸಾಹೇಬರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್‌ನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1887ರಲ್ಲಿ ಅವನು ಕೆರೆಗಳಲ್ಲಿ ಗಾಳ ಹಾಕುವುದನ್ನೇ ವಿಷಯವಾಗಿಟ್ಟುಕೊಂಡು ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’ ಬರೆದ. ಕಾನೂನೂ ಹಿಂದೆಯೇ ಬಂತು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ತಡೆಯಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ತನ್ನದೇ ಕಾನೂನು ಮಾಡಿತು.

ಸಾಹೇಬರ ಕಣ್ಣಿದ್ದದ್ದು ನಮ್ಮವರು ಬಿಳಿಮೀನು ಎನ್ನುವ ಮಹಶೀರ್ ಮೇಲೆ. 1919ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನ ಮೀನು ಎಳೆದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡು, ಅಂದರೆ ಸುಮಾರು 54 ಕಿಲೋ.

ಅಣೆಕಟ್ಟು ತಂದ ಬದಲಾವಣೆ

ಈ ಎರಡು ದಾಖಲೆಗಳ ನಡುವೆ ನದಿಯೇ ಬದಲಾಗಿತ್ತು. 1911ರಲ್ಲಿ ಶುರುವಾದ ಕೃಷ್ಣರಾಜಸಾಗರ (ಕಣ್ಣಂಬಾಡಿ) ಅಣೆಕಟ್ಟೆಯ ಕೆಲಸ 1930ರ ದಶಕದ ಆರಂಭದಲ್ಲಿ ಮುಗಿಯಿತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರು ನಿಂತು ಸುಮಾರು 49 ಟಿಎಂಸಿ ಹಿಡಿಸುವ ಜಲಾಶಯವಾಯಿತು. ಹಳೆಯ ಕಣ್ಣಂಬಾಡಿ ಊರು ಮುಳುಗಿತು. ಹರಿಯುವ ನೀರು, ಕಲ್ಲುಮಡು, ಮೊಟ್ಟೆಯಿಡಲು ಮೇಲೇರುವ ದಾರಿ ಬೇಕಾದ ಮೀನಿಗೆ ಅಡ್ಡಗೋಡೆ ಎದ್ದಿತು. ನಿಂತ ನೀರಿನ ಮೀನಿಗೆ ಹೊಸ ಸಾಮ್ರಾಜ್ಯ ಸಿಕ್ಕಿತು.

ಆ ಸಾಮ್ರಾಜ್ಯಕ್ಕೆ ಒಕ್ಕಲು ಬಂದದ್ದು ಹೊರಗಿನಿಂದ. ತಿಲಾಪಿಯಾ, ಅಂದರೆ ನಮ್ಮ ಸಂತೆಯ ಜಿಲೇಬಿ ಮೀನು, 1952ರಲ್ಲಿ ಭಾರತಕ್ಕೆ ಬಂತು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಚುಚ್ಚುಮದ್ದಿನಿಂದ ಗೆಂಡೆ ಜಾತಿಯ ಮೀನುಗಳಿಗೆ ಮೊಟ್ಟೆ ಇಡಿಸಿದರು. ಅದರಿಂದಾಗಿ ಗಂಗಾ ಬಯಲಿನ ಕಾಟ್ಲಾ, ರೋಹು, ಮೃಗಾಲ್ ಮರಿಗಳು ದೇಶದ ಕೆರೆಕೆರೆಗೂ ಸಿಗತೊಡಗಿದವು. ಕೆರೆಗಳು ಹರಾಜಾಗಿ ಮೀನು ಸಾಕಣೆಯ ಕೊಳಗಳಾದವು. ಇಂದು ನಾಗಮಂಗಲದ ಕೆರೆಯಲ್ಲಿ ಗಾಳಕ್ಕೆ ಸಿಗುವ ಮೀನು ಬಹುಮಟ್ಟಿಗೆ ಯಾರೋ ಬಿಟ್ಟ ಮರಿಯೇ. ಅದಕ್ಕೊಬ್ಬ ಗುತ್ತಿಗೆದಾರ ಒಡೆಯನೂ ಇದ್ದಾನೆ.

ಹಿಡಿದು ಬಿಡುವ ಆಟ

ಸ್ವಾತಂತ್ರ್ಯಾನಂತರ ಮಂಕಾಗಿದ್ದ ಮಹಶೀರ್ ಆಟಕ್ಕೆ ಮತ್ತೆ ಜೀವ ಬಂದದ್ದು 1970ರ ದಶಕದ ಕೊನೆಯಲ್ಲಿ. ಇಂಗ್ಲೆಂಡಿನ ಮೂವರ ತಂಡವೊಂದು ಕಾವೇರಿಗೆ ಬಂದು 1978ರಲ್ಲಿ 92 ಪೌಂಡಿನ ಮೀನು ಹಿಡಿಯಿತು. ಸುದ್ದಿ ಜಗತ್ತಿಗೆ ಹಬ್ಬಿತು. ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಶಿಬಿರ ತೆರೆಯಿತು. ಮೀನಿಗೆ ಹಾಕುತ್ತಿದ್ದ ಮೇವು ಬೇಯಿಸಿದ ರಾಗಿ ಮುದ್ದೆ. ಹಿಡಿದು, ತೂಗಿ, ನೀರಿಗೇ ಬಿಡಬೇಕೆಂಬುದು ನಿಯಮ. ಮೀನುಗಳ್ಳರಾಗಿದ್ದ ಕೆಲವರೂ ಇಲ್ಲಿ ಮಾರ್ಗದರ್ಶಿಗಳಾದರು.

ಆದರೆ ಸಂರಕ್ಷಣೆಯ ಹೆಸರಿನಲ್ಲೇ ತಪ್ಪೊಂದು ನಡೆಯಿತು. ಲೋಣಾವಳದ ಟಾಟಾ ಮರಿ ಉತ್ಪಾದನಾ ಕೇಂದ್ರದಿಂದ ತಂದು ಕಾವೇರಿಗೆ ಬಿಟ್ಟದ್ದು ನೀಲಿ ರೆಕ್ಕೆಯ ಬೇರೊಂದು ಮಹಶೀರ್ ಜಾತಿ. ಇತ್ತ ಶಿಬಿರಗಳಿದ್ದ ನದಿಭಾಗ ಅಭಯಾರಣ್ಯಕ್ಕೆ ಸೇರಿತ್ತು; ವನ್ಯಜೀವಿ ಕಾಯ್ದೆಯ ಕಣ್ಣಲ್ಲಿ ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನಿಲುವಿನಿಂದ 2012ರ ಹೊತ್ತಿಗೆ ಆಟ ನಿಂತಿತು. ಆಮೇಲೆ ಪಿಂಡರ್, ರಾಘವನ್, ಬ್ರಿಟನ್ ಎಂಬ ಸಂಶೋಧಕರು ಕಾವೇರಿ ದಂಡೆಯ ಗಾಳಿಬೋರೆ ಮೀನುಬೇಟೆ ಶಿಬಿರದ 1998ರಿಂದ 2012ರವರೆಗಿನ ದಾಖಲೆಗಳನ್ನು ಜಾಲಾಡಿ 2015ರಲ್ಲಿ ಪ್ರಕಟಿಸಿದರು. ಕಾವೇರಿಯ ಸ್ವಂತ ಗೂನುಬೆನ್ನಿನ ಮಹಶೀರ್ ಕುಸಿದಿತ್ತು, ತಂದುಬಿಟ್ಟ ಜಾತಿ ಹಬ್ಬಿತ್ತು. ದಾಖಲೆ ಬರೆದಷ್ಟು ದೊಡ್ಡದಾದ ಆ ಮೀನಿಗೆ ‘ಟೋರ್ ರೆಮಾದೇವಿಐ’ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಗಾಳ ಹಾಕಿದವರು ಲೆಕ್ಕ ಇಟ್ಟಿರದಿದ್ದರೆ ಈ ಕುಸಿತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈಗಿನ ಸ್ಥಿತಿ

ಇಂದು ಈ ಸೀಮೆಯ ನೀರು ವಿಹಾರದ ಮಾರುಕಟ್ಟೆಯೂ ಹೌದು. 1940ರಲ್ಲಿ ಪಕ್ಷಿಧಾಮವಾಗಿ 2022ರಲ್ಲಿ ರಾಮ್‌ಸಾರ್ ತಾಣವಾದ ರಂಗನತಿಟ್ಟಿನಲ್ಲಿ ದೋಣಿ ಉಂಟು, ಗಾಳ ಇಲ್ಲ. ಬಲಮುರಿ, ಎಡಮುರಿ, ಹೇಮಗಿರಿ, ತೊಣ್ಣೂರುಗಳಿಗೆ ರಜೆಯ ಜನ ಹರಿದುಬರುತ್ತಾರೆ. ಹಿನ್ನೀರಿನಲ್ಲಿ ಮೀನುಬೇಟೆ ಪ್ರವಾಸೋದ್ಯಮ ಬೆಳೆಸಿದರೆ ಬೆಸ್ತರ ಮಕ್ಕಳಿಗೆ ದುಡಿಮೆ ಸಿಗಬಹುದು. ಆದರೆ ಭೀಮೇಶ್ವರಿಯ ಪಾಠ ಕಲಿಯದೆ ಅದಕ್ಕೆ ಕೈಹಾಕಬಾರದು.

ಆಟಕ್ಕೆ ಮೀನು ಸಾಲದೆಂದು ಹೊರಗಿನ ಮರಿ ಬಿಡುವುದು ಮೊದಲು ನಿಲ್ಲಲಿ. ಮುಂಗಾರಿನಲ್ಲಿ, ಮೀನು ಮೊಟ್ಟೆಯಿಡುವ ಹೊತ್ತಿನಲ್ಲಿ ಗಾಳಕ್ಕೂ ಬಲೆಗೂ ಬಿಡುವು ಇರಲಿ. ಈ ಹಿಂಗಾರಿನಲ್ಲಿ ಕೆರೆಗೆ ಹೋಗುವವರು ಗುತ್ತಿಗೆದಾರರ ಅನುಮತಿ ಕೇಳಿ, ಹಿಡಿದ ಮೀನಿನ ಜಾತಿ, ತೂಕ, ತಾರೀಖು ಬರೆದಿಡಿ. ಕಾವೇರಿಯ ಮಹಶೀರ್ ಬಗ್ಗೆ ನಮಗೆ ತಿಳಿದದ್ದರಲ್ಲಿ ಬಹುಪಾಲು ಅಂಥ ಬರಹದಿಂದಲೇ ಬಂದದ್ದು.