ಸ್ಟೆರಿಕ್ ಸಂಖ್ಯೆ ಮತ್ತು ಸಂಕರಣ

ಅಣುವಿನ ಕೇಂದ್ರ ಪರಮಾಣುವಿಗೆ ನೇರವಾಗಿ ಬಂಧಿತವಾದ ಪರಮಾಣುಗಳ ಸಂಖ್ಯೆಗೆ, ಅದರ ಹೊರಕವಚದಲ್ಲಿ ಬಂಧಕ್ಕೆ ಬಳಕೆಯಾಗದೆ ಉಳಿದ ಎಲೆಕ್ಟ್ರಾನ್ ಜೋಡಿಗಳ, ಎಂದರೆ ಒಂಟಿ ಜೋಡಿಗಳ, ಸಂಖ್ಯೆಯನ್ನು ಕೂಡಿಸಿದಾಗ ದೊರೆಯುವ ಮೊತ್ತವೇ ಸ್ಟೆರಿಕ್ ಸಂಖ್ಯೆ. ದ್ವಿಬಂಧವಾಗಲಿ ತ್ರಿಬಂಧವಾಗಲಿ ಈ ಎಣಿಕೆಯಲ್ಲಿ ಒಂದೇ. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಎರಡು ದ್ವಿಬಂಧಗಳಿರುವ ಕಾರ್ಬನ್ ಡೈಆಕ್ಸೈಡಿನಲ್ಲಿ ಕಾರ್ಬನ್ನಿನ ಸ್ಟೆರಿಕ್ ಸಂಖ್ಯೆ 4 ಅಲ್ಲ, 2.

ಒಂದೇ ಪರಮಾಣುವಿನ ಎಸ್ ಮತ್ತು ಪಿ ಕಕ್ಷಕಗಳು ಬೆರೆತು ಹೊಸ ಸಮಾನ ಕಕ್ಷಕಗಳಾಗುತ್ತವೆಂಬ ಪರಿಕಲ್ಪನೆಯೇ ಸಂಕರಣ. ಲೈನಸ್ ಪೌಲಿಂಗ್ 1931ರಲ್ಲಿ ಇದನ್ನು ವಿವರವಾಗಿ ಮಂಡಿಸಿದರು. ಸ್ಟೆರಿಕ್ ಸಂಖ್ಯೆ 2 ಆದರೆ ಎಸ್‌ಪಿ, 3 ಆದರೆ ಎಸ್‌ಪಿ², 4 ಆದರೆ ಎಸ್‌ಪಿ³ ಸಂಕರಣವೆಂದು ತಿಳಿಯಲಾಗುತ್ತದೆ. ನೀರಿನ ಅಣುವಿನಲ್ಲಿ ಆಕ್ಸಿಜನ್ನಿನ 6 ಹೊರ ಎಲೆಕ್ಟ್ರಾನುಗಳ ಪೈಕಿ ಎರಡು ಹೈಡ್ರೋಜನ್ನುಗಳೊಡನೆ ಬಂಧ ರಚಿಸಿ, ಉಳಿದ ನಾಲ್ಕು ಎರಡು ಒಂಟಿ ಜೋಡಿಗಳಾಗುವುದರಿಂದ ಸ್ಟೆರಿಕ್ ಸಂಖ್ಯೆ 4 ಆಗುತ್ತದೆ. ಆದರೆ ಒಂಟಿ ಜೋಡಿಗಳ ವಿಕರ್ಷಣೆ ಹೆಚ್ಚು ಪ್ರಬಲವಾದ್ದರಿಂದ ಬಂಧಕೋನವು ಮೀಥೇನಿನ 109.5 ಡಿಗ್ರಿಯಷ್ಟಿರದೆ 104.5 ಡಿಗ್ರಿಗೆ ಕುಗ್ಗುತ್ತದೆ.

ಈ ಸುಲಭ ಸೂತ್ರಕ್ಕೆ ಮಿತಿಗಳಿವೆ. ಫಾರ್ಮಮೈಡಿನ ನೈಟ್ರೋಜನ್ನಿಗೆ ಎಣಿಕೆಯಂತೆ 4 ಬಂದರೂ, ಅದರ ಒಂಟಿ ಜೋಡಿ ಪಕ್ಕದ ಕಾರ್ಬೊನಿಲ್ ಗುಂಪಿನೊಡನೆ ಹಂಚಿಹೋಗುವುದರಿಂದ ಅದನ್ನು ಎಸ್‌ಪಿ² ಎಂದೇ ಪರಿಗಣಿಸಬೇಕು. ಸ್ಟೆರಿಕ್ ಸಂಖ್ಯೆ 5 ಇರುವ ಸಲ್ಫರ್ ಟೆಟ್ರಾಫ್ಲೋರೈಡಿಗೆ ಪಠ್ಯಪುಸ್ತಕಗಳು ಎಸ್‌ಪಿ³ಡಿ ಸಂಕರಣವನ್ನು ಹೇಳುತ್ತ ಬಂದಿವೆಯಾದರೂ, ಡಿ ಕಕ್ಷಕಗಳ ಪಾತ್ರ ಅತ್ಯಲ್ಪವೆಂದು ಆಧುನಿಕ ಗಣನೆಗಳು ತೋರಿಸಿವೆ; ಆದ್ದರಿಂದ ಇಂಥ ಅಣುಗಳಲ್ಲಿ ಸ್ಟೆರಿಕ್ ಸಂಖ್ಯೆಯು ಆಕಾರವನ್ನು ಊಹಿಸಲು ನಂಬತಕ್ಕ ಸಾಧನವೇ ಹೊರತು ಸಂಕರಣಕ್ಕೆ ಪುರಾವೆಯಲ್ಲ.